ಭಾಗಿಸದೆಯೇ ತಿಳಿದ ಅವಿಭಾಜ್ಯ ಸಂಖ್ಯೆ

31 ಅವಿಭಾಜ್ಯ ಸಂಖ್ಯೆಯೆಂದು ತೋರಿಸುವುದು ಕಷ್ಟವಲ್ಲ. 2, 3, 5 ಇವುಗಳಿಂದ ಭಾಗಿಸಿ ನೋಡುತ್ತೇವೆ. ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ. 7ರ ವರ್ಗವೇ 31ನ್ನು ಮೀರುವುದರಿಂದ ಮುಂದೆ ಹೋಗಬೇಕಾದುದಿಲ್ಲ. ಈಗ ಇನ್ನೊಂದು ಸಂಖ್ಯೆಯನ್ನು ಪರಿಶೀಲಿಸೋಣ:

170141183460469231731687303715884105727

ಇದು 2¹²⁷ − 1, 39 ಅಂಕಿಗಳುಳ್ಳದ್ದು. ಇದರ ವರ್ಗಮೂಲದಲ್ಲಿಯೇ 20 ಅಂಕಿಗಳಿವೆ. ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಮಾತ್ರ, ಸೆಕೆಂಡಿಗೆ ಒಂದರಂತೆ, ಭಾಗಿಸುತ್ತ ಹೋದರೂ 900 ಕೋಟಿ ವರ್ಷಗಳು ಸಾಲವು. ಭೂಮಿಯ ವಯಸ್ಸು ಇದರ ಅರ್ಧದಷ್ಟು! ಆದರೂ ಫ್ರಾನ್ಸಿನ ಗಣಿತಜ್ಞ ಎದ್ವಾರ್ ಲ್ಯೂಕಾ 1876ರಲ್ಲಿ ಇದು ಅವಿಭಾಜ್ಯವೆಂದು ಸಾರಿದನು. ಯಂತ್ರದ ನೆರವು ಆತನಿಗಿರಲಿಲ್ಲ.

ಆತನ ಉಪಾಯದಲ್ಲಿ ಭಾಜಕಗಳನ್ನು ಹುಡುಕುವ ಗೋಜೇ ಇಲ್ಲ. 1930ರಲ್ಲಿ ಅಮೆರಿಕದ ಲೇಮರ್ ಅದಕ್ಕೆ ಕೊಟ್ಟ ಸರಳ ರೂಪವನ್ನು ನೋಡೋಣ. ಘಾತಾಂಕವು ಬೆಸ ಅವಿಭಾಜ್ಯವಾಗಿರಬೇಕು. 4ರಿಂದ ಆರಂಭಿಸಿ, ವರ್ಗ ಮಾಡಿ, 2ನ್ನು ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಘಾತಾಂಕಕ್ಕಿಂತ 2 ಕಡಮೆ ಸಲ ಹೀಗೆ ಮಾಡಿದಾಗ ಕೊನೆಯ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲವಾದರೆ ಅಲ್ಲ.

31 ಎಂದರೆ 2⁵ − 1. ಆದುದರಿಂದ ಮೂರು ಸಲ. ಮೊದಲು 14 ಬರುತ್ತದೆ. ಅನಂತರ 194, ಶೇಷ 8. ಅದರ ವರ್ಗದಿಂದ 2ನ್ನು ಕಳೆದರೆ 62, ಶೇಷ ಸೊನ್ನೆ. 2¹¹ − 1, ಅಂದರೆ 2047ಕ್ಕೆ ಒಂಬತ್ತು ಸಲ ಮಾಡಬೇಕು. ಶೇಷಗಳು ಕ್ರಮವಾಗಿ 14, 194, 788, 701, 119, 1877, 240, 282, 1736. ಕೊನೆಯದು ಸೊನ್ನೆಯಲ್ಲ, 2047 ಅವಿಭಾಜ್ಯವಲ್ಲ. ಅದು 23 ಮತ್ತು 89ರ ಗುಣಲಬ್ಧವೆಂಬ ಸುಳಿವನ್ನು ಮಾತ್ರ 1736 ಕೊಡುವುದಿಲ್ಲ.

2ನ್ನು ಕಳೆಯುವುದೇಕೆ? 4 ಎಂಬುದು 2+√3 ಮತ್ತು 2−√3 ಇವುಗಳ ಮೊತ್ತ. ಇವೆರಡರ ಗುಣಲಬ್ಧ 1. ಆದುದರಿಂದ ಮೊತ್ತದ ವರ್ಗದಿಂದ 2ನ್ನು ಕಳೆದಾಗ ಉಳಿಯುವುದು ಅವುಗಳ ವರ್ಗಗಳ ಮೊತ್ತವೇ. ಸಾಧನೆಯ ಬೀಜವಿರುವುದು ಇಲ್ಲಿ. ಪೂರ್ಣ ಸಾಧನೆ ಈ ಪುಟದಲ್ಲಿ ಹಿಡಿಸದು.

2¹²⁷ − 1ಕ್ಕೆ 125 ಸಲ ಸಾಕು. ಬೇಸರದ ಕೆಲಸವೇ ಸರಿ, ಆದರೆ ಒಬ್ಬ ಮನುಷ್ಯನ ಕೈಗೆ ಎಟಕುವಂಥದು. 1951ರವರೆಗೆ, 75 ವರ್ಷಗಳ ಕಾಲ, ಇದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ತಿಳಿದಿರಲಿಲ್ಲ. 4,10,24,320 ಅಂಕಿಗಳುಳ್ಳ, 2024ರಲ್ಲಿ ಪ್ರಕಟವಾದ ಅವಿಭಾಜ್ಯವನ್ನು ಗಣಕಯಂತ್ರಗಳು ದೃಢಪಡಿಸಿದುದೂ ಇದೇ ವರ್ಗ ಮಾಡಿ 2 ಕಳೆಯುವ ಕ್ರಮದಿಂದ.

1644ರಲ್ಲಿ ಪಾದ್ರಿ ಮೆರ್ಸೆನ್ ಕೊಟ್ಟ ಅವಿಭಾಜ್ಯಗಳ ಪಟ್ಟಿಯಲ್ಲಿ 2¹²⁷ − 1ರ ಜೊತೆಗೆ 2⁶⁷ − 1 ಕೂಡ ಇದ್ದಿತು. ಎರಡನೆಯದು ಅವಿಭಾಜ್ಯವಲ್ಲವೆಂದು ಲ್ಯೂಕಾ 1876ರಲ್ಲಿಯೇ ಕಂಡುಕೊಂಡನು. ಅಪವರ್ತನಗಳು ಮಾತ್ರ ಆತನಿಗೆ ದೊರೆಯಲಿಲ್ಲ. ಅವುಗಳನ್ನು 1903ರಲ್ಲಿ ಅಮೆರಿಕದ ಕೋಲ್ ಪ್ರಕಟಿಸಿದನು: 193707721 ಮತ್ತು 761838257287. ಗುಣಿಸಿ ನೋಡಲು ಕಾಗದ, ಸೀಸದಕಡ್ಡಿ ಸಾಕು, 147573952589676412927 ಬರಬೇಕು.