ಕೈಯ ವಿದ್ಯೆಗೆ ಬೆಲೆಯೆಷ್ಟು?

ಹತ್ತನೆಯ ತರಗತಿ ಮುಗಿಯುತ್ತ ಬಂದಂತೆ ಮುಂದೇನು ಎಂಬ ಚಿಂತೆ ನಿಮ್ಮನ್ನು ಕಾಡತೊಡಗುತ್ತದೆ. ನೆರೆಯ ಚೀನಾದೇಶದ ಮಕ್ಕಳಿಗೆ ಈ ಚಿಂತೆ ಒಂದು ವರ್ಷ ಮೊದಲೇ ಬರುತ್ತದೆ. ಅವರ ಪಾಡೇನೆಂಬುದನ್ನು ನಾವಿಲ್ಲಿ ವಿಚಾರಿಸೋಣ.

ಚೀನಾದಲ್ಲಿ ಒಂಬತ್ತು ವರ್ಷಗಳ ಕಡ್ಡಾಯ ಶಿಕ್ಷಣವುಂಟು. ಇದಕ್ಕೆ 1986ರಲ್ಲಿ ಕಾಯಿದೆಯಾಯಿತು. ಅದು ಮುಗಿದೊಡನೆ, ಸುಮಾರು ಹದಿನೈದರ ವಯಸ್ಸಿನಲ್ಲಿ, ‘ಚೊಂಗ್‌ಕಾವ್’ ಎಂಬ ಪರೀಕ್ಷೆ. ಹೆಚ್ಚು ಅಂಕ ಪಡೆದವರು ಸಾಮಾನ್ಯ ಪ್ರೌಢಶಾಲೆಗೆ ಸೇರುತ್ತಾರೆ. ಕಡಿಮೆ ಪಡೆದವರಲ್ಲಿ ಬಹುಮಂದಿ ಔದ್ಯೋಗಿಕ ಶಾಲೆಗೆ ಹೋಗುತ್ತಾರೆ. ಮೂರು ವರ್ಷಗಳ ಬಳಿಕ ‘ಗಾವ್‌ಕಾವ್’ ಪರೀಕ್ಷೆ. ಅಲ್ಲಿಯೂ ಮೇಲಿನ ಅಂಕದವರಿಗೆ ನಾಲ್ಕು ವರ್ಷಗಳ ಪದವಿ, ಉಳಿದವರಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಔದ್ಯೋಗಿಕ ಕಾಲೇಜು. ಹೀಗಾಗಿ ಔದ್ಯೋಗಿಕ ಶಿಕ್ಷಣವೆಂದರೆ ಸೋತವರ ಪಾಲು ಎಂಬ ಭಾವನೆ ಬೇರೂರಿತು.

ಈ ಭಾವನೆಗೆ ಹಳೆಯ ಬೇರೂ ಉಂಟು. ಏಳನೆಯ ಶತಮಾನದ ಆರಂಭದಿಂದ 1905ರವರೆಗೆ ಅಲ್ಲಿ ಅರಸರ ಅಧಿಕಾರಿಗಳನ್ನು ಗ್ರಂಥಜ್ಞಾನದ ಪರೀಕ್ಷೆಯಿಂದ ಆರಿಸುತ್ತಿದ್ದರು. ಸಮಾಜದಲ್ಲಿ ಪಂಡಿತನಿಗೆ ಮೊದಲ ಸ್ಥಾನ. ಬಳಿಕ ರೈತ, ಕುಶಲಕರ್ಮಿ, ವರ್ತಕ. ಪರೀಕ್ಷೆ ಹೋಯಿತು, ಆದರೆ ಗ್ರಂಥವಿದ್ಯೆಯ ಮೇಲಣ ಮೋಹ ಹೋಗಲಿಲ್ಲ.

1999ರಿಂದ ಕಾಲೇಜುಗಳ ಪ್ರವೇಶ ಬಹಳ ಹೆಚ್ಚಿತು. ಪದವೀಧರರು ಹೆಚ್ಚಿದಂತೆ ಅರ್ಜಿಗಳ ರಾಶಿಯೂ ಬೆಳೆಯಿತು. ಎಲ್ಲರ ಕೆಲಸವನ್ನೂ ಪರೀಕ್ಷಿಸಿ ನೋಡುವುದು ಕಷ್ಟ. ಪದವಿಯನ್ನು ಜರಡಿಯಾಗಿ ಹಿಡಿಯುವುದು ಸುಲಭ. ನಾಲ್ಕು ವರ್ಷಗಳ ಪದವಿಯಿಲ್ಲದವನ ಅರ್ಜಿ ಎಷ್ಟೋ ಕಡೆ ಓದುವ ಮೊದಲೇ ಬದಿಗೆ ಸರಿಯುತ್ತದೆ. ಅವನು ಮುಂದೆ ಓದಿ ಪದವಿ ಪಡೆದರೂ, ‘ಮೊದಲು ಕಲಿತದ್ದು ಎಲ್ಲಿ?’ ಎಂದು ಕೆದಕುವವರುಂಟು. ಹದಿನೈದರಲ್ಲಿ ಬರೆದ ಒಂದು ಪರೀಕ್ಷೆ ಮೂವತ್ತರಲ್ಲಿಯೂ ಬೆನ್ನು ಬಿಡದು!

ಇದರಿಂದ ನಷ್ಟ ಆ ತರುಣರಿಗೆ ಮಾತ್ರವಲ್ಲ. ಗೌರವವಿಲ್ಲದ ವಿದ್ಯೆಗೆ ತಂದೆತಾಯಿಗಳು ಮಕ್ಕಳನ್ನು ಕಳುಹಿಸರು. ಆದುದರಿಂದಲೇ ಒಂದೆಡೆ ಪದವೀಧರರು ಕೆಲಸಕ್ಕಾಗಿ ಅಲೆಯುತ್ತಿದ್ದರೆ, ಇನ್ನೊಂದೆಡೆ ಕಾರ್ಖಾನೆಗಳು ನುರಿತ ಕೈಗಳಿಗಾಗಿ ಹುಡುಕುತ್ತವೆ.

ಸರಕಾರ ಇದನ್ನು ಅರಿಯದೆ ಇಲ್ಲ. 1996ರ ಔದ್ಯೋಗಿಕ ಶಿಕ್ಷಣದ ಕಾಯಿದೆಯನ್ನು ತಿದ್ದಿ 2022ರ ಮೇ 1ರಿಂದ ಜಾರಿಗೆ ತಂದಿತು. ಎರಡು ಬಗೆಯ ಶಿಕ್ಷಣಕ್ಕೂ ಸಮಾನ ಮಹತ್ತ್ವವುಂಟೆಂದೂ, ಔದ್ಯೋಗಿಕ ಶಾಲೆಗಳಲ್ಲಿ ಕಲಿತವರ ಸಮಾನ ಅವಕಾಶಕ್ಕೆ ಅಡ್ಡಬರುವ ಷರತ್ತುಗಳನ್ನು ಕೆಲಸ ಕೊಡುವವರು ಹಾಕಕೂಡದೆಂದೂ ಅದು ಹೇಳುತ್ತದೆ. ಆದರೆ ಕಾಯಿದೆಯನ್ನು ತಿದ್ದಿದಷ್ಟು ಬೇಗ ಮನಸ್ಸನ್ನು ತಿದ್ದಲಾಗದು.

ವಿದ್ಯಾರ್ಥಿಗಳೇ, ಈ ನಗರದಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತು ಮೇಲೆ ಬಂದ ಹಿರಿಯರನ್ನು ನಾವು ಬಲ್ಲೆವು. ‘ಎಲ್ಲಿ ಕಲಿತೆ?’ ಎಂಬ ಪ್ರಶ್ನೆಯ ಚುಚ್ಚು ನಮಗೂ ಹೊಸದಲ್ಲ. ನಾಳೆ ನಿಮ್ಮಲ್ಲಿ ಯಾರಾದರೂ ಮೇಜಿನ ಆಚೆ ಕುಳಿತು ಅರ್ಜಿಗಳನ್ನು ನೋಡುವ ದಿನ ಬಂದರೆ, ‘ನಿನಗೆ ಏನು ಬರುತ್ತದೆ?’ ಎಂದು ಮೊದಲು ಕೇಳಿರಿ.