ಪರ್ಷಿಯನ್ ಬೆಕ್ಕಿನ ಕಾಯಿಲೆಗಳನ್ನು ಗುರುತಿಸುವುದು ಹೇಗೆ?

ಇಲಿ ಹಿಡಿಯಲೆಂದು ಬೆಕ್ಕು ಸಾಕುವ ಪದ್ಧತಿ ನಮ್ಮ ಕೃಷಿಕರ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಅಟ್ಟದಲ್ಲಿ ಹುಟ್ಟಿ, ಅಂಗಳದಲ್ಲಿ ಬೆಳೆದು, ಮೀನಿನ ತಲೆ ತಿಂದು ಬದುಕುವ ನಾಡಬೆಕ್ಕಿಗೆ ನಾವು ವಿಶೇಷ ಆರೈಕೆಯನ್ನೇನೂ ಮಾಡುವುದಿಲ್ಲ. ಈಗ ಹಣ ಕೊಟ್ಟು ತಂದ ಪರ್ಷಿಯನ್ ಬೆಕ್ಕುಗಳೂ ಮನೆಗಳಿಗೆ ಬಂದಿವೆ. ಉದ್ದ ಕೂದಲು, ದುಂಡು ಮುಖ, ಚಪ್ಪಟೆ ಮೂಗಿನ ಈ ಬೆಕ್ಕನ್ನು ನಾಡಬೆಕ್ಕಿನಂತೆಯೇ ಬಿಟ್ಟರೆ ಅದು ಬಾಳಲಾರದು. ರೂಪವನ್ನು ಉಳಿಸಿಕೊಳ್ಳಲೆಂದು ತಲೆಮಾರುಗಳಿಂದ ಆರಿಸಿ ಆರಿಸಿ ಮರಿ ಮಾಡಿಸಿದ್ದರಿಂದ ಕೆಲವು ರೋಗಗಳು ತಳಿಯೊಂದಿಗೇ ಬಂದಿರುತ್ತವೆ. ಮೇಲಾಗಿ ಬೆಕ್ಕು ತನ್ನ ನೋವನ್ನು ಅಡಗಿಸುವ ಪ್ರಾಣಿ. ಆದ್ದರಿಂದ ಲಕ್ಷಣಗಳನ್ನು ನಾವೇ ನೋಡಿ ತಿಳಿಯಬೇಕು.

ಉಸಿರು ಮತ್ತು ಕಣ್ಣು: ಮೂಗು ಗಿಡ್ಡವಾದಷ್ಟೂ ಉಸಿರಿನ ದಾರಿ ಇಕ್ಕಟ್ಟು. ನಿದ್ದೆಯಲ್ಲಿ ಗೊರಕೆ, ಸ್ವಲ್ಪ ಆಡಿದರೂ ಸುಸ್ತು, ಸೆಕೆಗಾಲದಲ್ಲಿ ಏದುಸಿರು ಕಂಡರೆ ಎಚ್ಚರ ವಹಿಸಬೇಕು. ಮಲಗಿದ ಬೆಕ್ಕು ನಿಮಿಷಕ್ಕೆ ಸುಮಾರು 20ರಿಂದ 30 ಬಾರಿ ಉಸಿರಾಡುತ್ತದೆ. ನಿದ್ದೆಯಲ್ಲೂ 30ಕ್ಕಿಂತ ಹೆಚ್ಚೇ ಇದ್ದರೆ ಪಶುವೈದ್ಯರಿಗೆ ತೋರಿಸಿರಿ. ನಾಯಿಯಂತೆ ಬಾಯಿ ತೆರೆದು ಏದುವುದು ಬೆಕ್ಕಿಗೆ ಸಹಜವಲ್ಲ. ಕಣ್ಣೀರಿನ ನಾಳ ಸೊಟ್ಟಗಿರುವುದರಿಂದ ಈ ತಳಿಯ ಕಣ್ಣು ಸದಾ ಒಸರುತ್ತದೆ. ದಿನವೂ ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಒರೆಸಬೇಕು. ಕಣ್ಣು ಕೆಂಪಾದರೆ, ಕಿರಿದಾಗಿ ಮುಚ್ಚಿಕೊಂಡರೆ ತಡಮಾಡಬಾರದು.

ಮೂತ್ರಪಿಂಡದ ನೀರುಗುಳ್ಳೆ: ಇದು ವಂಶದಿಂದ ಬರುವ ರೋಗ. ಕಾರಣವಾದ ದೋಷವನ್ನು ವಿಜ್ಞಾನಿಗಳು 2004ರಲ್ಲಿ ಗುರುತಿಸಿದರು. ತಂದೆ ತಾಯಿಯರಲ್ಲಿ ಒಂದಕ್ಕೆ ಈ ದೋಷವಿದ್ದರೂ ಪ್ರತಿ ಮರಿಗೂ ಅದು ಬರುವ ಸಂಭವ ಅರ್ಧಕ್ಕೆ ಅರ್ಧ. ಹುಟ್ಟಿನಿಂದಲೇ ಮೂತ್ರಪಿಂಡದಲ್ಲಿ ಸಣ್ಣ ಗುಳ್ಳೆಗಳಿದ್ದು, ವರುಷಗಳು ಕಳೆದಂತೆ ದೊಡ್ಡದಾಗುತ್ತವೆ. ಹೊರಗೆ ತಿಳಿಯುವಾಗ ಬೆಕ್ಕಿಗೆ ಹೆಚ್ಚಾಗಿ ಏಳೆಂಟು ವರ್ಷ. ಬಹಳ ನೀರು ಕುಡಿಯುವುದು, ಬಹಳ ಮೂತ್ರ ಮಾಡುವುದು, ತೂಕ ಇಳಿಯುವುದು, ಆಹಾರ ಬೇಡವೆನ್ನುವುದು ಇದರ ಗುರುತುಗಳು. ಗುಣಪಡಿಸುವ ಮದ್ದಿಲ್ಲ. ಬೇಗ ತಿಳಿದರೆ ಪಥ್ಯದಿಂದ ಆಯುಷ್ಯ ಹಿಗ್ಗಿಸಬಹುದು. ದೋಷವಿರುವ ಬೆಕ್ಕಿನಿಂದ ಮರಿ ಮಾಡಿಸಲೇಬಾರದು.

ಮೂತ್ರ ಕಟ್ಟುವುದು: ಇದು ಯಾವ ಬೆಕ್ಕಿಗೂ, ವಿಶೇಷವಾಗಿ ಗಂಡು ಬೆಕ್ಕಿಗೆ ಬರಬಹುದು. ಮರಳಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ ಕೂತು, ಮುಕ್ಕಿ, ಕೂಗಿ, ಒಂದು ಹನಿಯೂ ಬಾರದಿದ್ದರೆ ಅದನ್ನು ಮಲಬದ್ಧತೆಯೆಂದು ತಪ್ಪು ತಿಳಿಯಬಾರದು. ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗುವುದು. ರಾತ್ರಿಯಾದರೂ ಸರಿ, ಕೂಡಲೇ ವೈದ್ಯರನ್ನು ಹುಡುಕಿರಿ.

ಚರ್ಮ ಮತ್ತು ಕೂದಲು: ಪರ್ಷಿಯನ್ ಬೆಕ್ಕಿಗೆ ಹುಳುಕಡ್ಡಿ ಬೇಗ ತಗಲುತ್ತದೆ. ಹೆಸರು ಹೀಗಿದ್ದರೂ ಇದು ಹುಳವಲ್ಲ, ಬೂಷ್ಟು. ದುಂಡಗೆ ಕೂದಲು ಉದುರಿ ಹೊಟ್ಟು ಕಾಣುತ್ತದೆ. ಕೆಲವೊಮ್ಮೆ ಬೆಕ್ಕಿನಲ್ಲಿ ಏನೂ ಕಾಣದೆ, ಅದನ್ನು ಎತ್ತಿ ಆಡಿಸಿದ ಮಕ್ಕಳ ಕೈ ಕುತ್ತಿಗೆಗಳಲ್ಲಿ ಕೆಂಪು ಉಂಗುರಗಳು ಮೊದಲು ಕಾಣುತ್ತವೆ. ಆಗ ಮಗುವಿಗೂ ಬೆಕ್ಕಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು, ಹಾಸಿಗೆ ಬಟ್ಟೆಯನ್ನೂ ಒಗೆಯಬೇಕು. ದಿನವೂ ಬಾಚದಿದ್ದರೆ ಕೂದಲು ಜಡೆಗಟ್ಟಿ ಅಡಿಯಲ್ಲಿ ಹುಣ್ಣಾಗುತ್ತದೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಮೈ ಒದ್ದೆಯಾಗಿ ಉಳಿಯಬಾರದು.

ಆಹಾರ: ಹಾಲನ್ನದಿಂದ ಬೆಕ್ಕು ಬದುಕದು. ಅದು ಮಾಂಸಾಹಾರಿ. ಮಾಂಸ ಮೀನುಗಳಲ್ಲಿರುವ ಟಾರಿನ್ ಎಂಬ ಅಂಶ ಸಾಲದಾದರೆ ಹೃದಯ ಹಿಗ್ಗಿ ಸೋಲುವುದೆಂದು 1987ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕಣ್ಣಿಗೂ ಹಾನಿಯಿದೆ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲಿನಿಂದ ಭೇದಿಯಾಗುತ್ತದೆ. ಎರಡು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬುವ ಅಪಾಯವಿದೆ. ‘ಹಸಿದರೆ ತಾನೇ ತಿನ್ನುತ್ತದೆ’ ಎಂದು ಕಾಯಬೇಡಿ.

ಮನೆಮದ್ದಿನ ಅಪಾಯ: ಜ್ವರವೆಂದು ನಮ್ಮ ಪ್ಯಾರಸಿಟಮಾಲ್ ಮಾತ್ರೆಯನ್ನು ಮುರಿದು ಕೊಡುವವರಿದ್ದಾರೆ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು. ವಸಡು ಕಂದಾಗುವುದು, ಮುಖ ಊದುವುದು, ಉಸಿರುಕಟ್ಟುವುದು ಆ ವಿಷದ ಲಕ್ಷಣ. ನಾಯಿಗೆ ಹಚ್ಚುವ ಉಣ್ಣಿಯ ಔಷಧದಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ಬೆಕ್ಕಿಗೆ ವಿಷವೇ.

ಲಸಿಕೆ: ವಾಂತಿ, ಭೇದಿ, ನಿತ್ರಾಣದಿಂದ ಮರಿಗಳು ಒಂದರ ಹಿಂದೆ ಒಂದು ಸಾಯುವ ಸಾಂಕ್ರಾಮಿಕ ರೋಗಕ್ಕೆ ಲಸಿಕೆಯಿದೆ. ಆರೆಂಟು ವಾರ ತುಂಬಿದಾಗ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರಗಳವರೆಗೆ ಚುಚ್ಚಿಸಬೇಕು. ಮೂರು ತಿಂಗಳಾದ ಮೇಲೆ ಹುಚ್ಚುರೋಗದ ಲಸಿಕೆ. ಹತ್ತಿರದ ಮೃಗಾಸ್ಪತ್ರೆಯಲ್ಲಿ ವಿಚಾರಿಸಿರಿ.

ಕೊನೆಯದಾಗಿ, ಮರಿ ಕೊಳ್ಳುವ ಮೊದಲೇ ಪರೀಕ್ಷೆ ಮಾಡುವುದು ಲೇಸು. ತಾಯಿ ಬೆಕ್ಕನ್ನು ಕಣ್ಣಾರೆ ನೋಡಬೇಕು. ತಂದೆ ತಾಯಿಯರ ಮೂತ್ರಪಿಂಡದ ಸ್ಕ್ಯಾನಿಂಗ್ ಇಲ್ಲವೇ ವಂಶದೋಷದ ಪರೀಕ್ಷೆ ಆಗಿದೆಯೇ ಎಂದು ಕೇಳಬೇಕು. ಅತಿ ಚಪ್ಪಟೆ ಮುಖಕ್ಕೆ ಹೆಚ್ಚು ಬೆಲೆ ಹೇಳುತ್ತಾರೆ. ಆ ಬೆಲೆಯನ್ನು ತೆರುವುದು ನಮ್ಮ ಕಿಸೆ ಮಾತ್ರವಲ್ಲ, ಬೆಕ್ಕಿನ ಉಸಿರು ಕೂಡ. ಮೂಗು ತುಸು ಉದ್ದವಿರುವ, ಬಾಯಿ ಮುಚ್ಚಿ ಸದ್ದಿಲ್ಲದೆ ಉಸಿರಾಡುವ ಮರಿಯನ್ನೇ ಆರಿಸೋಣ. ತಂದ ಮೇಲೆ ವಾರಕ್ಕೊಮ್ಮೆ ತೂಕ, ದಿನಕ್ಕೊಮ್ಮೆ ತಟ್ಟೆ, ಕಣ್ಣು, ಕೂದಲು ಇಷ್ಟನ್ನು ನೋಡುವ ರೂಢಿ ಮಾಡಿಕೊಂಡರೆ ಅನೇಕ ಕಾಯಿಲೆಗಳನ್ನು ಕೈಮೀರುವ ಮೊದಲೇ ಹಿಡಿಯಬಹುದು.