ಕೆಸರಂಚಿನ ಅತಿಥಿಗಳು

ದೇಶಪಾಂಡೆ ನಗರದಿಂದ ಧಾರವಾಡದ ಹಾದಿ ಹಿಡಿದವರಿಗೆ ಎದುರಾಗುವ ಉಣಕಲ್ ಕೆರೆಯಲ್ಲಿ ಚಳಿಗಾಲದ ಮುಂಜಾವಿನಲ್ಲಿ ನೋಡಬೇಕಾದುದು ನೀರಿನ ನಡುವಲ್ಲ, ಅಂಚಿನ ಕೆಸರು. ಗೊರವ ಜಾತಿಯ ವುಡ್ ಸ್ಯಾಂಡ್‌ಪೈಪರ್ ಅಲ್ಲಿ ಹುಳು ಹೆಕ್ಕುತ್ತಿರುತ್ತದೆ. ತೂಕ ಸುಮಾರು 60 ಗ್ರಾಂ. ಹುಟ್ಟುನೆಲೆ ಉತ್ತರ ಯುರೋಪು, ಸೈಬೀರಿಯಾಗಳ ಜೌಗು.

ಇಂಥ ತೀರದ ಹಕ್ಕಿಗಳ ರೆಕ್ಕೆಯ ಬಲವನ್ನರಿಯಲು ಪೆಸಿಫಿಕ್ ಗೋಲ್ಡನ್ ಪ್ಲೋವರನ್ನು ನೋಡಬೇಕು. ಅಲಾಸ್ಕಾದಿಂದ ಹವಾಯಿ ದ್ವೀಪಗಳಿಗೆ ಸುಮಾರು 4,800 ಕಿಲೋಮೀಟರ್. ನಡುವೆ ಬರಿಯ ಸಾಗರ. ಮೈಯಲ್ಲಿ ಕೂಡಿಸಿಟ್ಟ ಕೊಬ್ಬನ್ನೇ ಉರಿಸುತ್ತ ಅದು ಮೂರು ನಾಲ್ಕು ಹಗಲಿರುಳು ಎಡೆಬಿಡದೆ ಹಾರುತ್ತದೆ. ತಾಯಿತಂದೆಗಳು ಮುಂಚೆಯೇ ಹೊರಟುಹೋಗಿರುತ್ತವೆ; ಆ ವರ್ಷದ ಮರಿಗಳು ಎಂದೂ ಕಾಣದ ದ್ವೀಪವನ್ನರಸಿ ತಾವೇ ಹಿಂದಿನಿಂದ ಬರುತ್ತವೆ. ಇದನ್ನು ‘ಸಹಜಪ್ರವೃತ್ತಿ’ ಎಂಬ ಒಂದು ಶಬ್ದದಲ್ಲಿ ಪಾಠ ಮುಗಿಸುವುದು ಹಕ್ಕಿಗೂ ವಿದ್ಯಾರ್ಥಿಗೂ ಮಾಡುವ ಅನ್ಯಾಯ.

ಹವಾಯಿಯಲ್ಲಿ ಪ್ಲೋವರು ಊರೊಳಗಿನ ಹುಲ್ಲುಹಾಸಿನಲ್ಲಿಯೂ ಬಾಳುತ್ತದೆ; ವರ್ಷವರ್ಷವೂ ಅದೇ ತುಣುಕು ನೆಲಕ್ಕೆ ಮರಳುತ್ತದೆ. ಉಣಕಲ್ಲಿನ ಅತಿಥಿಗೆ ಆ ಅನುಕೂಲವಿಲ್ಲ, ಕೆಸರೇ ಬೇಕು. ಅಂತರಗಂಗೆ ಹಬ್ಬಿದರೆ ಆ ಕೆಸರು ಮುಚ್ಚಿಹೋಗುತ್ತದೆ, ಅಂಚಿಗೆ ಕಲ್ಲು ಕಟ್ಟಿದರೆ ಇಲ್ಲವಾಗುತ್ತದೆ. ಕೆರೆಗಳ ಅಂದಕ್ಕೆಂದು ಹಣವೀಯುವ ಉದಾರಿಗಳು ಒಂದು ಮಗ್ಗುಲನ್ನಾದರೂ ಇಳಿಜಾರಾಗಿಯೇ ಬಿಡಲು ಕೇಳಬಹುದು. ಅದಕ್ಕೆ ವೆಚ್ಚವೂ ಇಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ, ಉತ್ತರಕ್ಕೆ ಹಿಂದಿರುಗುವ ಪಯಣದ ಕೊಬ್ಬನ್ನು ಹಕ್ಕಿ ಕೂಡಿಸಿಕೊಳ್ಳುವುದು ಆ ಇಳಿಜಾರಿನಲ್ಲಿಯೇ.